ಸ್ವಂತ ಉದ್ಯೋಗಕ್ಕೆ ತರಬೇತಿ, ಸಹಾಯಧನ: ನಿಮಗೆ ಹೊಂದುವ ದಾರಿ ಯಾವುದು?

ದೀಪಾವಳಿ ಮುಗಿದ ವಾರ ಮೂವರು ನನ್ನ ಹೊಲಿಗೆ ಅಂಗಡಿಗೆ ಬಂದು ಒಂದೇ ಪ್ರಶ್ನೆ ಕೇಳಿದರು. ಮೊದಲು ಬಂದವರು ಹಿಂದಿನ ಓಣಿಯ ಅಕ್ಕ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಹೊಲಿಗೆ ಕಲಿತು ಮನೆಯಲ್ಲೇ ಬ್ಲೌಸ್ ಹೊಲಿಯಬೇಕು ಅಂತ ಅವರ ಆಸೆ. ಎರಡನೆಯವರು ನಮ್ಮ ಸಂಘದ ಚಿಕ್ಕಮ್ಮ. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಕೈ ಸೋತಿದೆ, ಮೆಷಿನ್ ಬೇಕು. ಮೂರನೆಯವನು ಇಪ್ಪತ್ತೈದರ ಹುಡುಗ. ಅಪ್ಪನ ಕಟಿಂಗ್ ಶಾಪ್‌ನಲ್ಲಿ ಅಪ್ಪನ ಜೊತೆ ದುಡಿಯುತ್ತಾನೆ. ಹೊಸ ಕುರ್ಚಿ, ದೊಡ್ಡ ಕನ್ನಡಿ ಹಾಕಿಸಬೇಕು ಅಂತಾನೆ.

ಮೂವರ ಮೊಬೈಲಲ್ಲೂ ಒಂದೇ ತರದ ಮೆಸೇಜ್ ಇತ್ತು. ತರಬೇತಿ ಉಚಿತ, ಮೂರು ಲಕ್ಷ ಸಹಾಯಧನ, ಇವತ್ತೇ ಅರ್ಜಿ ಹಾಕಿ ಅಂತ.

ಅದನ್ನು ನೋಡಿ ನನಗೆ ಹಳೆಯದು ನೆನಪಾಯಿತು. ಹೊಲಿಗೆ ಯಂತ್ರ ಪುಕ್ಕಟೆ ಕೊಡಿಸುತ್ತೇನೆ ಅಂದ ಒಬ್ಬ ಮಧ್ಯವರ್ತಿಗೆ ನಾನು ನಾಲ್ಕು ಸಾವಿರ ಕೊಟ್ಟಿದ್ದೆ. ಯಂತ್ರವೂ ಬರಲಿಲ್ಲ, ಹಣವೂ ಬರಲಿಲ್ಲ. ಆಮೇಲೆ ಒಂದು ರೂಪಾಯಿ ಖರ್ಚಿಲ್ಲದೆ ಮೂವತ್ತು ದಿನದ ತರಬೇತಿ ಮುಗಿಸಿ ಈ ಅಂಗಡಿ ಹಾಕಿದೆ. ಆ ನಾಲ್ಕು ಸಾವಿರ ಬೇರೆ ಯಾರ ಕೈಯಿಂದಲೂ ಹೋಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಸಬ್ಸಿಡಿ ಎಷ್ಟು ಅಂತ ಕೊನೆಗೆ ನೋಡಿ

ಎಲ್ಲರೂ ಮೊದಲು ಕೇಳುವುದು ಸಬ್ಸಿಡಿ ಎಷ್ಟು ಪರ್ಸೆಂಟ್ ಅಂತ. ನಾನು ಅದನ್ನು ಕೊನೆಗೆ ಇಡಿ ಅಂತೀನಿ. ಅದಕ್ಕೂ ಮೊದಲು ನೋಡಬೇಕಾದ ಐದು ಅಳತೆಗಳಿವೆ.

ಮೊದಲನೆಯದು, ಎಷ್ಟು ದಿನ ಕೂಲಿ ಬಿಡಬಲ್ಲಿರಿ? ತರಬೇತಿ ಉಚಿತವೇ ಇರಬಹುದು. ಆದರೆ ಆ ದಿನಗಳ ದುಡಿಮೆ ಹೋಗುತ್ತದಲ್ವಾ? 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ ₹370 ಇತ್ತು. ಆ ಲೆಕ್ಕ ಹಿಡಿದರೆ ಮೂವತ್ತು ದಿನಕ್ಕೆ ₹11,100. ದಿನದ ದುಡಿಮೆಯಲ್ಲೇ ಒಲೆ ಹಚ್ಚುವ ಮನೆಗೆ ತರಬೇತಿಯ ನಿಜವಾದ ಬೆಲೆ ಇದು. ಅದನ್ನು ಯಾರು ತುಂಬುತ್ತಾರೆ ಅಂತ ಯಾವ ಮೆಸೇಜಲ್ಲೂ ಬರೆದಿರುವುದಿಲ್ಲ.

ಎರಡನೆಯದು, ಕಸುಬು ಈಗಾಗಲೇ ಕೈಯಲ್ಲಿದೆಯಾ, ಇಲ್ಲ ಹೊಸದಾಗಿ ಕಲಿಯಬೇಕಾ? ಕಸುಬು ಗೊತ್ತಿದ್ದವರಿಗೆ ಒಂದು ವಾರ ಸಾಕು. ಗೊತ್ತಿಲ್ಲದವರಿಗೆ ಒಂದು ವಾರದಲ್ಲಿ ಕೊರಳಿನ ಶೇಪ್ ತೆಗೆಯುವುದೂ ಬರುವುದಿಲ್ಲ.

ಮೂರನೆಯದು, ಹಣ ಯಾವ ರೂಪದಲ್ಲಿ, ಯಾವಾಗ ಬರುತ್ತದೆ? ದಿನಭತ್ಯೆ, ಸಲಕರಣೆ, ಸಾಲ, ಸಾಲಕ್ಕೆ ಹೊಂದಿಸುವ ಸಹಾಯಧನ, ಇವೆಲ್ಲ ಬೇರೆ ಬೇರೆ. ನಾನು ನೋಡಿದಂತೆ ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ.

ನಾಲ್ಕನೆಯದು, ಅರ್ಹತೆ. ಹಳ್ಳಿಯವರಾ, ಪಟ್ಟಣದವರಾ, ವಾರ್ಷಿಕ ಆದಾಯ ಎಷ್ಟು, ಯಾವ ವರ್ಗ, ಮನೆಯಲ್ಲಿ ಬೇರೆ ಯಾರಾದರೂ ಆಗಲೇ ಇಂಥದ್ದು ತೆಗೆದುಕೊಂಡಿದ್ದಾರಾ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಐದನೆಯದು, ಅಂಗಡಿ ಹಾಕಿದ ಮೇಲೆ ಬಂದು ವಿಚಾರಿಸುವವರು ಯಾರಾದರೂ ಇದ್ದಾರಾ? ಮೊದಲ ಆರು ತಿಂಗಳು ಎಷ್ಟು ಒಂಟಿತನ ಇರುತ್ತದೆ ಅಂತ ಅಂಗಡಿ ಹಾಕಿದವರಿಗೇ ಗೊತ್ತು.

ಆರ್‌ಸೆಟಿ, ರುಡ್‌ಸೆಟಿ: ಕಸುಬು ಕಲಿಯಬೇಕಾದವರಿಗೆ

ಸ್ವಂತ ಉದ್ಯೋಗಕ್ಕೆ ಉಚಿತ ತರಬೇತಿ ಕೊಡುವ ಈ ಸಂಸ್ಥೆಗಳು ನಮ್ಮ ನೆಲದಲ್ಲೇ ಹುಟ್ಟಿದ್ದು ಅಂತ ನನಗೆ ಹೆಮ್ಮೆ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಮೊದಲ ರುಡ್‌ಸೆಟಿ ಶುರು ಮಾಡಿದವು. ಅಲ್ಲಿನ ಪದ್ಧತಿ ನೋಡಿಯೇ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ದೇಶದಲ್ಲೆಲ್ಲ ಜಿಲ್ಲೆಗೊಂದು ಆರ್‌ಸೆಟಿ ಅನ್ನುವ ಯೋಜನೆ ತಂದಿತು. ಈಗ ಧಾರವಾಡ, ಮೈಸೂರು, ವಿಜಯಪುರ, ಚಿತ್ರದುರ್ಗ, ಬ್ರಹ್ಮಾವರದಲ್ಲೂ ರುಡ್‌ಸೆಟಿ ಇದೆ. ಬೇರೆ ಜಿಲ್ಲೆಗಳಲ್ಲಿ ಒಂದಲ್ಲ ಒಂದು ಬ್ಯಾಂಕ್ ನಡೆಸುವ ಆರ್‌ಸೆಟಿ ಇರುತ್ತದೆ.

ಇಲ್ಲಿ ಹಣ ಹರಿಯುವ ರೀತಿ ತಿಳಿದುಕೊಳ್ಳಿ, ಆಗ ನಿಮಗೇನು ಸಿಗುತ್ತದೆ ಅಂತ ಸ್ಪಷ್ಟವಾಗುತ್ತದೆ. ಕಟ್ಟಡಕ್ಕೆ ಸರ್ಕಾರದ ಅನುದಾನ. ಸಂಸ್ಥೆ ನಡೆಸುವುದು ಬ್ಯಾಂಕ್. ಹಳ್ಳಿಯ ಬಡ ಕುಟುಂಬದವರ ತರಬೇತಿ ಖರ್ಚನ್ನು ಸಚಿವಾಲಯ ತುಂಬಿಕೊಡುತ್ತದೆ. ಅಂದರೆ ಅನುದಾನ ಹೋಗುವುದು ಸಂಸ್ಥೆಗೆ. ನಿಮಗೆ ಸಿಗುವುದು ಪಾಠ, ಊಟ, ವಸತಿ. ಕೈಗೆ ನಗದು ಬರುತ್ತದೆ ಅಂತ ಹೋಗಬೇಡಿ.

ಹೈನುಗಾರಿಕೆಯ ತರಬೇತಿ ಸುಮಾರು 10 ದಿನ. ಮಹಿಳೆಯರ ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ ತಲಾ ಸುಮಾರು 30 ದಿನ. ಬೆಳಗ್ಗೆಯಿಂದ ಸಂಜೆವರೆಗೆ ಕೈ ಕೆಲಸ. ನಡುನಡುವೆ ಲೆಕ್ಕ ಬರೆಯುವುದು, ಗಿರಾಕಿ ಜೊತೆ ಮಾತಾಡುವುದು, ಬ್ಯಾಂಕಿಗೆ ಅರ್ಜಿ ತುಂಬುವುದು. ನನಗೆ ಹೊಲಿಗೆಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ದರ ಹೇಳುವುದನ್ನು ಕಲಿಸಿದ ಒಂದು ಮಧ್ಯಾಹ್ನ. ದಾರ, ಹುಕ್ಕು, ಲೈನಿಂಗ್, ಕರೆಂಟು, ನನ್ನ ಸಮಯ ಎಲ್ಲ ಕೂಡಿಸಿ ಬ್ಲೌಸಿಗೆ ಎಷ್ಟು ಹೇಳಬೇಕು ಅಂತ ಅವತ್ತಿನವರೆಗೂ ನಾನು ಯೋಚಿಸಿಯೇ ಇರಲಿಲ್ಲ. ಪಕ್ಕದ ಮನೆಯವರು ಎಷ್ಟು ತಗೋತಾರೋ ಅದಕ್ಕಿಂತ ಹತ್ತು ರೂಪಾಯಿ ಕಡಿಮೆ, ಅಷ್ಟೇ ನನ್ನ ಲೆಕ್ಕವಾಗಿತ್ತು.

ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನ ಹಿಂದೆ ನಿಲ್ಲುವುದು ಈ ಸಂಸ್ಥೆಗಳ ಕೆಲಸದ ಭಾಗವೇ. ಫೋನ್ ಮಾಡುತ್ತಾರೆ, ಭೇಟಿ ಕೊಡುತ್ತಾರೆ, ಬ್ಯಾಂಕ್ ಸಾಲಕ್ಕೆ ಜೋಡಿಸಲು ನೋಡುತ್ತಾರೆ. ಸಂಸ್ಥೆಯೇ ಬ್ಯಾಂಕಿನದ್ದು ಆದ್ದರಿಂದ ಅವರ ಪ್ರಮಾಣಪತ್ರ ಹಿಡಿದು ಹೋದರೆ ಮ್ಯಾನೇಜರ್ ಕೂರಿಸಿ ಮಾತಾಡುತ್ತಾರೆ. ಐದನೆಯ ಅಳತೆಯಲ್ಲಿ ಇದರಷ್ಟು ಗಟ್ಟಿಯಾದದ್ದು ನನಗೆ ಬೇರೆ ಕಂಡಿಲ್ಲ.

ಇದರ ಕೊರತೆ ನೇರವಾಗಿ ಮೊದಲನೆಯ ಅಳತೆಗೆ ತಾಗುತ್ತದೆ. ಮೂವತ್ತು ದಿನದ ಕೂಲಿ ಹೋಗುತ್ತದೆ. ಸಣ್ಣ ಮಗು ಇರುವ ತಾಯಂದಿರಿಗೆ ಉಳಿದುಕೊಳ್ಳುವುದು ಕಷ್ಟ. ಹತ್ತಿರದವರು ದಿನಾ ಬಂದುಹೋಗಬಹುದಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಹಳ್ಳಿಯ ಬಡವರಿಗೆ ಆದ್ಯತೆ ಇರುವುದರಿಂದ ಪಟ್ಟಣದವರು ಸೀಟು ಇದೆಯಾ ಅಂತಲೂ ವಿಚಾರಿಸಿಕೊಂಡೇ ಹೋಗಬೇಕು.

ಪಿಎಂ ವಿಶ್ವಕರ್ಮ: ಕಸುಬು ಕೈಯಲ್ಲಿ ಇದ್ದವರಿಗೆ

2023ರ ಸೆಪ್ಟೆಂಬರ್ 17ರಂದು ಶುರುವಾದ ಯೋಜನೆ ಇದು. 18 ಕಸುಬುಗಳಿಗೆ ಮಾತ್ರ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಚಮ್ಮಾರ, ಗಾರೆ ಕೆಲಸ, ಬುಟ್ಟಿ ಚಾಪೆ ಹೆಣೆಯುವವರು, ಕ್ಷೌರಿಕ, ಹೂಮಾಲೆ ಕಟ್ಟುವವರು, ಅಗಸ, ದರ್ಜಿ, ಮೀನಿನ ಬಲೆ ಹೆಣೆಯುವವರು ಹೀಗೆ. ಆ ಕಸುಬನ್ನು ಕೈಯಿಂದ, ಸಲಕರಣೆಯಿಂದ, ಸ್ವಂತವಾಗಿ ಈಗಾಗಲೇ ಮಾಡುತ್ತಿರಬೇಕು.

ಕೂಲಿ ನಷ್ಟವನ್ನು ನೇರವಾಗಿ ತುಂಬುವುದು ಇದರ ದೊಡ್ಡ ಗುಣ. ಮೂಲ ತರಬೇತಿ 5ರಿಂದ 7 ದಿನ. ಬೇಕಿದ್ದರೆ ಆಮೇಲೆ 15 ದಿನದ ಮುಂದಿನ ಹಂತ. ಎರಡಕ್ಕೂ ದಿನಕ್ಕೆ ₹500 ಭತ್ಯೆ. ಸಲಕರಣೆಗೆ ₹15,000ದ ಇ-ವೋಚರ್. ಮೂಲ ತರಬೇತಿ ಮುಗಿಸಿದವರಿಗೆ ಅಡಮಾನವಿಲ್ಲದೆ ಒಂದು ಲಕ್ಷದವರೆಗೆ ಸಾಲ, 18 ತಿಂಗಳ ಕಂತು. ಅದನ್ನು ತೀರಿಸಿದ ಮೇಲೆ ಎರಡು ಲಕ್ಷದವರೆಗೆ, 30 ತಿಂಗಳ ಕಂತು. ಬಡ್ಡಿ ಶೇ. 5. ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ತೀರಿಸಿದವರಿಗೆ ಈ ಬಡ್ಡಿಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಮರೆಯಬಾರದ ಎರಡು ಮಾತಿವೆ. ಒಂದು, ಸಾಲ ಸಾಲವೇ. ಕಡಿಮೆ ಬಡ್ಡಿ ಅಂದರೆ ಮನ್ನಾ ಅಂತ ಅಲ್ಲ. ನಿಮ್ಮದಾಗಿ ಉಳಿಯುವುದು ದಿನಭತ್ಯೆ ಮತ್ತು ಸಲಕರಣೆ. ಎರಡು, ಒಂದು ಕುಟುಂಬಕ್ಕೆ ಒಬ್ಬರೇ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ ಅನ್ನುವುದು ಇಲ್ಲಿಯ ಲೆಕ್ಕ. ಕಳೆದ ಐದು ವರ್ಷದಲ್ಲಿ ಪಿಎಂಇಜಿಪಿ (ಇದರ ಬಗ್ಗೆ ಮುಂದೆ ಹೇಳುತ್ತೇನೆ) ಸಾಲ ಪಡೆದವರಿಗೆ ಬರುವುದಿಲ್ಲ. ಮುದ್ರಾ, ಸ್ವನಿಧಿ ಸಾಲ ಪಡೆದವರು ಪೂರ್ತಿ ತೀರಿಸಿದ್ದರೆ ಅಡ್ಡಿಯಿಲ್ಲ. ಹಾಗಾಗಿ ಯಾರ ಹೆಸರಲ್ಲಿ, ಯಾವುದನ್ನು ಮೊದಲು ಅಂತ ಮನೆಯಲ್ಲಿ ಕೂತು ಮಾತಾಡಿ. ಗಡಿಬಿಡಿಯಲ್ಲಿ ಒಬ್ಬರ ಹೆಸರು ಕೊಟ್ಟು ಆಮೇಲೆ ಪೇಚಾಡಿದವರನ್ನು ನಾನು ನೋಡಿದ್ದೇನೆ.

ನೋಂದಣಿ ಸಿಎಸ್‌ಸಿ (ಸಾಮಾನ್ಯ ಸೇವಾ) ಕೇಂದ್ರದಲ್ಲಿ ಆಗುತ್ತದೆ. ಹಳ್ಳಿಯವರಿಗೆ ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲಿ. ಎಷ್ಟೋ ಅರ್ಜಿಗಳು ಅಲ್ಲೇ ಕಾಯುತ್ತಾ ಕೂರುತ್ತವೆ. ಪಂಚಾಯಿತಿಗೆ ಹೋಗಿ, ನಮ್ಮ ಅರ್ಜಿ ಎಲ್ಲಿದೆ ಅಂತ ಕೇಳುವುದು ನಿಮ್ಮ ಹಕ್ಕು.

ಪಿಎಂಇಜಿಪಿ: ದೊಡ್ಡದಾಗಿ ಶುರು ಮಾಡುವವರಿಗೆ

ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ, 2008ರಿಂದ ಇರುವ ಕೇಂದ್ರದ ಈ ಯೋಜನೆಯನ್ನು ಖಾದಿ ಆಯೋಗ, ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳು ನಡೆಸುತ್ತವೆ. ತಯಾರಿಕೆ ಘಟಕಕ್ಕೆ 50 ಲಕ್ಷ, ಸೇವೆಯದ್ದಕ್ಕೆ 20 ಲಕ್ಷದವರೆಗೆ ಯೋಜನಾ ವೆಚ್ಚ. ಆದಾಯದ ಮಿತಿ ಇಲ್ಲ. ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಸಾಮಾನ್ಯ ವರ್ಗಕ್ಕೆ ಪಟ್ಟಣದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25 ಸಹಾಯಧನ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಅಂಗವಿಕಲರು ಮತ್ತು ಯಾವುದೇ ಜಾತಿಯ ಮಹಿಳೆಯರಿಗೆ ಪಟ್ಟಣದಲ್ಲಿ 25, ಹಳ್ಳಿಯಲ್ಲಿ 35.

ಒಂದು ಲೆಕ್ಕ ಬಿಡಿಸಿ ನೋಡೋಣ. ಹಳ್ಳಿಯ ಮಹಿಳೆ ನಾಲ್ಕು ಲಕ್ಷದ ಘಟಕ ಹಾಕುತ್ತಾರೆ ಅಂದುಕೊಳ್ಳಿ. ಅವರ ಸ್ವಂತ ಪಾಲು ಶೇ. 5, ಅಂದರೆ ₹20,000. ಉಳಿದ ₹3,80,000 ಬ್ಯಾಂಕಿನಿಂದ. ಸಹಾಯಧನ ₹1,40,000. ಆದರೆ ಈ ಒಂದು ಲಕ್ಷ ನಲವತ್ತು ಸಾವಿರ ಅವರ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಅವರ ಹೆಸರಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ. ಮೂರು ವರ್ಷ ಆದ ಮೇಲೆ ಘಟಕ ನಡೆಯುತ್ತಿದೆಯಾ ಅಂತ ಬಂದು ನೋಡಿ ಸಾಲಕ್ಕೆ ಜಮಾ ಮಾಡುತ್ತಾರೆ. ನಡುವೆ ಬಾಗಿಲು ಹಾಕಿದರೆ ಸಹಾಯಧನ ಕೈತಪ್ಪುತ್ತದೆ, ಸಾಲ ಮಾತ್ರ ಉಳಿಯುತ್ತದೆ. ಅದೇ ನಾಲ್ಕು ಲಕ್ಷಕ್ಕೆ ಪಟ್ಟಣದ ಸಾಮಾನ್ಯ ವರ್ಗದ ಗಂಡಸು ಹಾಕಬೇಕಾದ ಸ್ವಂತ ಪಾಲು ₹40,000, ಸಿಗುವ ಸಹಾಯಧನ ₹60,000. ವ್ಯತ್ಯಾಸ ಎಷ್ಟಿದೆ ನೋಡಿ.

ಇಲ್ಲಿಯ ತರಬೇತಿ ಕಸುಬಿನದ್ದಲ್ಲ, ಉದ್ಯಮ ನಡೆಸುವುದರದ್ದು. ಐದು ಲಕ್ಷದವರೆಗಿನ ಯೋಜನೆಗೆ 5 ದಿನ, ಅದಕ್ಕಿಂತ ದೊಡ್ಡದಕ್ಕೆ 10 ದಿನ. ಆನ್‌ಲೈನ್‌ನಲ್ಲೂ ಮುಗಿಸಬಹುದು. ಕೂಲಿ ನಷ್ಟ ಕಡಿಮೆ. ಆದರೆ ಕಸುಬು ಬಾರದವರು ಈ ಐದು ದಿನ ನಂಬಿ ನಾಲ್ಕು ಲಕ್ಷ ಸಾಲಕ್ಕೆ ಸಹಿ ಹಾಕಬಾರದು. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಇನ್ನೊಂದು ಎಚ್ಚರಿಕೆ. ಯೋಜನೆಯ ಅವಧಿಯನ್ನು 2025-26ರವರೆಗೆ ಅಂತ ನಿಗದಿ ಮಾಡಿದ್ದರು. ಕೊಟೇಶನ್, ಪ್ರಾಜೆಕ್ಟ್ ರಿಪೋರ್ಟ್ ಅಂತ ಓಡಾಡುವ ಮೊದಲು ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಉದ್ಯೋಗಿನಿ: ಕಡಿಮೆ ಆದಾಯದ ಹೆಣ್ಣುಮಕ್ಕಳಿಗೆ

ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ. ವಯಸ್ಸು 18ರಿಂದ 55. ಮೂರು ಲಕ್ಷದವರೆಗಿನ ಘಟಕ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕುಟುಂಬದ ವಾರ್ಷಿಕ ಆದಾಯ ಎರಡು ಲಕ್ಷದೊಳಗೆ ಇರಬೇಕು. ಅವರಿಗೆ ಸಹಾಯಧನ ಅರ್ಧಕ್ಕೆ ಅರ್ಧ, ಹೆಚ್ಚೆಂದರೆ ಒಂದೂವರೆ ಲಕ್ಷ. ಉಳಿದವರಿಗೆ ಆದಾಯ ಒಂದೂವರೆ ಲಕ್ಷದೊಳಗೆ, ಸಹಾಯಧನ ಶೇ. 30, ಹೆಚ್ಚೆಂದರೆ ₹90,000. ವಿಧವೆಯರಿಗೆ, ಅಂಗವಿಕಲ ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ಆಯ್ಕೆಯಾದವರಿಗೆ ಮೂರರಿಂದ ಆರು ದಿನದ ತರಬೇತಿ.

ಹಳ್ಳಿ, ಪಟ್ಟಣ ಅನ್ನುವ ಭೇದವಿಲ್ಲ. ಪಟ್ಟಣದಲ್ಲಿರುವ ಪರಿಶಿಷ್ಟ ಜಾತಿಯ ಮಹಿಳೆಗೆ ಪಿಎಂಇಜಿಪಿಯಲ್ಲಿ ಶೇ. 25 ಸಿಗುವ ಕಡೆ ಇಲ್ಲಿ 50 ಸಿಗುತ್ತದೆ. ಎರಡು ಲಕ್ಷದ ಅಂಗಡಿಗೆ ಅದು ₹50,000 ಮತ್ತು ಒಂದು ಲಕ್ಷದ ನಡುವಿನ ವ್ಯತ್ಯಾಸ.

ಹಾಗಾದರೆ ಎಲ್ಲರೂ ಇದಕ್ಕೇ ಹೋಗಬಹುದಲ್ಲ? ತೊಂದರೆ ಇರುವುದು ಸಂಖ್ಯೆಯಲ್ಲಿ. ವರ್ಷಕ್ಕೆ ತಾಲೂಕಿಗೆ ಇಷ್ಟು ಜನ ಅಂತ ಗುರಿ ಇರುತ್ತದೆ. ಅರ್ಜಿ ಹಾಕಲು ಕೊನೆಯ ದಿನ ಇರುತ್ತದೆ. ಆಯ್ಕೆ ಸಮಿತಿ ಒಪ್ಪಬೇಕು, ಆಮೇಲೆ ಬ್ಯಾಂಕೂ ಒಪ್ಪಬೇಕು. ಈ ವರ್ಷ ಆಗದಿದ್ದರೆ ಮುಂದಿನ ವರ್ಷ. ಕಾಯುವ ಶಕ್ತಿ ಇದ್ದವರಿಗೆ ಇದು ಒಳ್ಳೆಯದು. ನಾಳೆಯೇ ಅಂಗಡಿ ತೆರೆಯಬೇಕು ಅನ್ನುವವರಿಗೆ ಅಲ್ಲ. ನಿಮ್ಮ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಕರೆಯುವ ಹೊತ್ತಿಗೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೈಯಲ್ಲಿ ಇರಲಿ.

ಅಡುಗೆ, ತಿಂಡಿ, ರೊಟ್ಟಿ ಮಾಡುವವರಿಗೆ

ಪಿಎಂಎಫ್‌ಎಂಇ ಅನ್ನುವ, 2020ರಲ್ಲಿ ಬಂದ ಯೋಜನೆ ಸಣ್ಣ ಆಹಾರ ಘಟಕಗಳಿಗೇ ಮೀಸಲು. ರೊಟ್ಟಿ, ಚಕ್ಕುಲಿ, ಉಪ್ಪಿನಕಾಯಿ, ಶೇಂಗಾ ಹೋಳಿಗೆ, ಮಸಾಲೆ ಪುಡಿ, ಗಾಣದ ಎಣ್ಣೆ ಎಲ್ಲ ಬರುತ್ತದೆ. ಯೋಜನೆಯ ಸಹಾಯಧನ ಶೇ. 35. ನಮ್ಮ ರಾಜ್ಯ ಅದರ ಮೇಲೆ ಇನ್ನೂ 15 ಸೇರಿಸುತ್ತದೆ. ಒಟ್ಟು ಅರ್ಧ, 15 ಲಕ್ಷದ ಮಿತಿಯೊಳಗೆ. ಸ್ವಂತ ಪಾಲು ಶೇ. 10. ಮೂರು ಲಕ್ಷದ ರೊಟ್ಟಿ ಮೆಷಿನ್, ಹಿಟ್ಟು ಕಲಸುವ ಯಂತ್ರ ಅಂದರೆ ಕೈಯಿಂದ ₹30,000, ಸಹಾಯಧನ ₹1,50,000. ಇಲ್ಲೂ ಸಾಲ ತೆಗೆದುಕೊಂಡರೆ ಮಾತ್ರ ಸಹಾಯಧನ. ಇಲ್ಲೂ ಅದು ಮೂರು ವರ್ಷ ಕಾದು ಸಾಲಕ್ಕೆ ಜಮಾ ಆಗುವಂಥದ್ದು.

ಅರ್ಜಿ ಬರೆಯಲು, ಪ್ರಾಜೆಕ್ಟ್ ರಿಪೋರ್ಟ್ ಮಾಡಲು ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿರುತ್ತಾರೆ. ಅವರಿಗೆ ಯೋಜನೆಯಿಂದಲೇ ಸಂಭಾವನೆ ಇದೆ, ನೀವು ಕೊಡಬೇಕಾಗಿಲ್ಲ. ಓದು ಬರಹ ಕಡಿಮೆ ಇದ್ದವರಿಗೆ ಇದು ದೊಡ್ಡ ಆಸರೆ. ಜಿಲ್ಲೆಯ ಕೃಷಿ ಇಲಾಖೆ ಕಚೇರಿಯಲ್ಲಿ ಅವರ ಹೆಸರು, ನಂಬರ್ ಸಿಗುತ್ತದೆ. ಈ ಯೋಜನೆಯ ಅವಧಿಯೂ 2025-26ರವರೆಗೆ ಅಂತ ಇತ್ತು, ಹಾಗಾಗಿ ಅಲ್ಲೇ ಅದನ್ನೂ ಕೇಳಿಕೊಳ್ಳಿ.

ಸ್ತ್ರೀಶಕ್ತಿ, ಸಂಜೀವಿನಿ ಸಂಘದಲ್ಲಿ ಇದ್ದು ಆಹಾರದ ಕೆಲಸ ಮಾಡುವವರಿಗೆ ಸದಸ್ಯರೊಬ್ಬರಿಗೆ ₹40,000ದವರೆಗೆ ಬೀಜಧನ ಅಂತ ಇದೆ. ಇದು ಸಂಘದ ಒಕ್ಕೂಟಕ್ಕೆ ಅನುದಾನವಾಗಿ ಬರುತ್ತದೆ. ನಿಮಗೆ ಬರುವಾಗ ಅದು ಒಕ್ಕೂಟಕ್ಕೆ ತಿರುಗಿ ಕಟ್ಟಬೇಕಾದ ಸಾಲ. ನೀವು ಕಟ್ಟಿದ ಹಣ ಇನ್ನೊಬ್ಬ ಹೆಣ್ಣುಮಗಳಿಗೆ ಹೋಗುತ್ತದೆ. ಒಕ್ಕೂಟ ಚೆನ್ನಾಗಿ ನಡೆಯುವ ಊರಲ್ಲಿ ಇಷ್ಟು ಸುಲಭದ ಹಣ ಬೇರೆ ಇಲ್ಲ.

ಇನ್ನು ಮುದ್ರಾ. ಅದು ಬರೀ ಸಾಲ, ತರಬೇತಿ ಇಲ್ಲ, ಸಹಾಯಧನ ಇಲ್ಲ. ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಸಾಲ ಇದೆ, 2025ರಲ್ಲಿ ಮೊದಲ ಸಲ ಕೊಡುವ ಸಾಲವನ್ನು ₹15,000ಕ್ಕೆ ಏರಿಸಿದ್ದಾರೆ. ಗಾಡಿ ಇಟ್ಟುಕೊಂಡವರಿಗೆ ಇದು ಸಾಕು. ಡಿಡಿಯು-ಜಿಕೆವೈ ಅನ್ನುವುದು ಹಳ್ಳಿ ಯುವಕರಿಗೆ ಸಂಬಳದ ಕೆಲಸ ಕೊಡಿಸುವ ತರಬೇತಿ. ಸ್ವಂತ ಅಂಗಡಿ ಹಾಕುವವರು ಹೆಸರು ನೋಡಿ ಅಲ್ಲಿಗೆ ಹೋಗಬೇಡಿ.

ಆ ಮೂವರಿಗೆ ನಾನು ಹೇಳಿದ್ದು

ಹೊಲಿಗೆ ಕಲಿಯುವ ಅಕ್ಕನಿಗೆ ವಿಶ್ವಕರ್ಮದ ಯಂತ್ರದ ಮೇಲೆ ಆಸೆಯಿತ್ತು. ಅವರು ದರ್ಜಿ ಕೆಲಸ ಇನ್ನೂ ಮಾಡುತ್ತಿಲ್ಲ, ಆದ್ದರಿಂದ ಅದು ಅವರಿಗಲ್ಲ. ಸುಳ್ಳು ಹೇಳಿ ನೋಂದಾಯಿಸೋಣ ಅಂತ ಯಾರೋ ಅಂದಿದ್ದರಂತೆ. ಬೇಡ ಅಂದೆ. ಯಂತ್ರ ಬಂದರೂ ಕಸುಬು ಬರುವುದಿಲ್ಲವಲ್ಲ. ಆರ್‌ಸೆಟಿಯ ಮೂವತ್ತು ದಿನವೇ ಅವರಿಗೆ ಸರಿ. ಆದರೆ ಮೆಣಸಿನಕಾಯಿ ಸೀಸನ್‌ನಲ್ಲಿ ಅಲ್ಲ. ಆ ತಿಂಗಳುಗಳ ಕೂಲಿಯಲ್ಲೇ ಅವರ ವರ್ಷದ ಸಾಲ ತೀರುತ್ತದೆ. ಸೀಸನ್ ಮುಗಿದ ಮೇಲಿನ ಬ್ಯಾಚಿಗೆ ಈಗಲೇ ಹೆಸರು ಬರೆಸಿದ್ದಾರೆ. ಅಲ್ಲಿಯವರೆಗೆ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ತಿಂಗಳಿಗೆ ಒಂದು ಸಾವಿರ ಎತ್ತಿಡಿ ಅಂದೆ. ತರಬೇತಿಯ ತಿಂಗಳು ಮನೆ ನಡೆಯಬೇಕಲ್ಲ. ಮೊದಲ ಯಂತ್ರಕ್ಕೆ ಸಂಘದ ಸಾಲ ಸಾಕು. ಫಾಲ್, ಕುಚ್ಚು, ಬ್ಲೌಸ್ ಅಂತ ಒಂದು ವರ್ಷ ಕೈ ಪಳಗಲಿ. ಅಂಗಡಿ ದೊಡ್ಡದು ಮಾಡುವಾಗ ಉದ್ಯೋಗಿನಿಗೆ ಹೋಗಬಹುದು.

ಕಟಿಂಗ್ ಶಾಪ್ ಹುಡುಗನಿಗೆ ವಿಶ್ವಕರ್ಮವೇ. ಅವನಿಗೆ ಮದುವೆಯಾಗಿಲ್ಲ, ಆದ್ದರಿಂದ ಅಪ್ಪ, ಮಗ ಇಬ್ಬರಲ್ಲಿ ಒಬ್ಬರೇ. ಅಪ್ಪನಿಗೆ ಮಂಡಿ ನೋವು, ಇನ್ನು ಹೆಚ್ಚು ವರ್ಷ ನಿಂತು ಕೆಲಸ ಮಾಡಲಾರರು. ಕಂತು ಕಟ್ಟುವವನು ಮಗ. ಹಾಗಾಗಿ ಅವನ ಹೆಸರೇ ಸರಿ ಅಂತ ಮನೆಯವರೂ ಒಪ್ಪಿದರು. ಅವನಿಗೆ ಬೇಕಾದ್ದು ಸುಮಾರು ಎಂಬತ್ತು ಸಾವಿರ. ಪಿಎಂಇಜಿಪಿಯಲ್ಲಿ ಪರ್ಸೆಂಟ್ ಜಾಸ್ತಿ ಅಂತ ಅವನ ಗೆಳೆಯರು ಹೇಳಿದ್ದರು. ಅದು ಹೊಸ ಘಟಕಕ್ಕೆ. ಅಪ್ಪನ ಅಂಗಡಿ ಆಗಲೇ ನಡೆಯುತ್ತಿದೆ.

ರೊಟ್ಟಿ ಚಿಕ್ಕಮ್ಮನದ್ದು ನನಗೆ ಕಷ್ಟವಾಯಿತು. ಲೆಕ್ಕದಲ್ಲಿ ಪಿಎಂಎಫ್‌ಎಂಇಯೇ ಮುಂದಿದೆ. ಅರ್ಧ ಸಹಾಯಧನ ಅಂದರೆ ಸಣ್ಣ ಮಾತಲ್ಲ. ಆದರೆ ಅವರಿಗೆ ಆಗಲೇ ಎರಡು ಕಡೆ ವಾರದ ಕಂತು ಇದೆ. ಮೂರು ಲಕ್ಷದ ಮೆಷಿನ್ ತಂದರೆ ದಿನಕ್ಕೆ ಎಷ್ಟು ರೊಟ್ಟಿ ಹೋಗಬೇಕು ಅಂತ ಕೂತು ಲೆಕ್ಕ ಹಾಕಿದೆವು. ಈಗಿನ ಖಾನಾವಳಿಗಳು ಅಷ್ಟು ಕೊಳ್ಳುವುದಿಲ್ಲ. ಮೆಷಿನ್ ಬಂದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ ಅಲ್ವಾ? ಮೊದಲು ಒಕ್ಕೂಟದಿಂದ ಬೀಜಧನದಲ್ಲಿ ಹಿಟ್ಟು ಕಲಸುವ ಯಂತ್ರ ಮಾತ್ರ ತರುವುದು, ಅವರ ಭುಜಕ್ಕೆ ಅಷ್ಟಾದರೂ ಆರಾಮ. ಒಂದು ಕಡೆಯ ಕಂತು ಮುಗಿಸುವುದು. ಹುಬ್ಬಳ್ಳಿಯಲ್ಲಿ ಎರಡು ಅಂಗಡಿ ಹಿಡಿಯುವುದು. ದೊಡ್ಡ ಮೆಷಿನ್ ಆಮೇಲೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು. ನನಗೂ ಸಂಕಟವಾಯಿತು. ಆದರೂ ಈಗಿನ ಸ್ಥಿತಿಯಲ್ಲಿ ಇದೇ ಸರಿ ಅಂತ ನನ್ನ ನಂಬಿಕೆ.

ನಿಮ್ಮದು ಇವರಲ್ಲಿ ಯಾರ ಸ್ಥಿತಿಗೂ ಹೋಲದಿದ್ದರೆ ಹೀಗೆ ನೋಡಿ. ಕೈಯಲ್ಲಿ ಏನೂ ಇಲ್ಲ, ಕಸುಬೂ ಇಲ್ಲ ಅಂದರೆ ಆರ್‌ಸೆಟಿ. ಕಸುಬು ಇದೆ, ಆ ಹದಿನೆಂಟರಲ್ಲಿ ಒಂದು, ಬೇಕಾದ್ದು ಒಂದು ಲಕ್ಷದೊಳಗೆ ಅಂದರೆ ವಿಶ್ವಕರ್ಮ. ಮಹಿಳೆ, ಆದಾಯ ಕಡಿಮೆ, ಒಂದು ವರ್ಷ ಕಾಯಬಲ್ಲಿರಿ ಅಂದರೆ ಉದ್ಯೋಗಿನಿ. ಕಸುಬೂ ಇದೆ, ಗಿರಾಕಿಯೂ ಗೊತ್ತಿದ್ದಾರೆ, ಇಪ್ಪತ್ತು ಮೂವತ್ತು ಸಾವಿರ ಸ್ವಂತದ್ದು ಹಾಕಬಲ್ಲಿರಿ, ಹೊಸದಾಗಿ ಶುರು ಅಂದರೆ ಪಿಎಂಇಜಿಪಿ, ಆಹಾರದ್ದಾದರೆ ಪಿಎಂಎಫ್‌ಎಂಇ. ಪಟ್ಟಣದಲ್ಲಿರುವ ಸಾಮಾನ್ಯ ವರ್ಗದ ಬಡ ಗಂಡಸರಿಗೆ ಇರುವ ದಾರಿ ಕಡಿಮೆ. ಕಸುಬು ಹೊಂದಿದರೆ ವಿಶ್ವಕರ್ಮ, ಗಾಡಿ ಇದ್ದರೆ ಸ್ವನಿಧಿ, ಇಲ್ಲದಿದ್ದರೆ ಪಿಎಂಇಜಿಪಿಯ ಆ ಶೇ. 15.

ಬ್ಯಾಂಕಿಗೆ ಹೋಗುವ ದಿನ

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ತರಬೇತಿ ಪ್ರಮಾಣಪತ್ರ, ಯಂತ್ರದ ಕೊಟೇಶನ್, ಎರಡು ಫೋಟೋ. ಎಲ್ಲದರ ಜೆರಾಕ್ಸ್ ಎರಡೆರಡು. ಆಧಾರ್‌ನಲ್ಲಿ, ಪಾಸ್‌ಬುಕ್‌ನಲ್ಲಿ ಹೆಸರಿನ ಅಕ್ಷರ ಒಂದೇ ತರ ಇದೆಯಾ ನೋಡಿಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದಕ್ಕೇ ಅರ್ಜಿ ವಾಪಸ್ ಬಂದದ್ದುಂಟು. ಮೈಕ್ರೋಫೈನಾನ್ಸ್ ಕಂತು ಬಾಕಿ ಇದ್ದರೆ ಮುಚ್ಚಿಡಬೇಡಿ, ಸಿಬಿಲ್ (ನಿಮ್ಮ ಸಾಲಗಳ ದಾಖಲೆ) ನೋಡಿದ ಕೂಡಲೇ ಅವರಿಗೆ ಕಾಣುತ್ತದೆ. ಸಣ್ಣ ಉದ್ಯಮಗಳು ಮಾಡಿಸುವ ಉದ್ಯಮ್ ನೋಂದಣಿಗೆ ಸರ್ಕಾರದ ಶುಲ್ಕ ಇಲ್ಲ. ಸಾವಿರ ರೂಪಾಯಿ ಕೇಳಿದರೆ ಎದ್ದು ಬನ್ನಿ.

ಸಣ್ಣ ಉದ್ಯಮಕ್ಕೆ ಕನಿಷ್ಠ ಹತ್ತು ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಹೊಲದ ಪತ್ರ ತನ್ನಿ ಅಂದರೆ ಇದನ್ನು ಮೆಲ್ಲಗೆ ನೆನಪಿಸಿ. ಸಾಲ ಆಗಲ್ಲ ಅಂದರೆ, 'ಸರ್, ಕಾರಣ ಬರೆದು ಕೊಡಿ' ಅಂತ ಕೇಳಿ. ಆ ಚೀಟಿ ಹಿಡಿದು ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಬಹುದು. ಒಬ್ಬರೇ ಹೋಗಲು ಅಳುಕಾದರೆ ಸಂಘದ ಇಬ್ಬರನ್ನು ಕರೆದುಕೊಂಡು ಹೋಗಿ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಒಳ್ಳೆಯದು, ಅಷ್ಟರಲ್ಲಿ ಕೌಂಟರಿನ ಗದ್ದಲ ಒಂದಿಷ್ಟು ಇಳಿದಿರುತ್ತದೆ.